ಗಣಕಯಂತ್ರದೊಳಗೆ ಸರದಿಯ ನ್ಯಾಯ

ಬೆಳಗಿನ ಹೊತ್ತು ಅಡಿಗೆಮನೆಯಲ್ಲಿ ನಿಮ್ಮ ತಾಯಿಯವರು ಒಬ್ಬರೇ ದುಡಿಯುತ್ತಿರುವುದನ್ನು ನೀವು ದಿನವೂ ನೋಡುತ್ತಿರುವಿರಿ. ಒಂದು ಒಲೆಯ ಮೇಲೆ ಅನ್ನ ಬೇಯುತ್ತಿರುವುದು. ಇನ್ನೊಂದರ ಮೇಲೆ ಹಾಲು ಕಾಯುತ್ತಿರುವುದು. ಅವರು ಈಳಿಗೆಮಣೆಯ ಮುಂದೆ ಕುಳಿತು ಹುಳಿಗೆ ತರಕಾರಿ ಹೆಚ್ಚುತ್ತಿರುವರು. ಮನೆಯವರ ಹಸಿವನ್ನು ನೋಡಿದರೆ ಅನ್ನ ಹುಳಿಗಳೇ ಮುಖ್ಯ, ಹಾಲು ಗೌಣ. ಆದರೂ ಹಾಲು ಉಕ್ಕಿ ಬರುವ ಸದ್ದು ಕಿವಿಗೆ ಬಿದ್ದೊಡನೆ ಅವರು ತರಕಾರಿಯನ್ನು ಅಲ್ಲಿಯೇ ಬಿಟ್ಟು ಧಾವಿಸಿ ಉರಿಯನ್ನು ತಗ್ಗಿಸುವರು. ಮರಳಿ ಬಂದು, ಬಿಟ್ಟ ಹೋಳಿನಿಂದಲೇ ಹೆಚ್ಚುವುದನ್ನು ಮುಂದುವರಿಸುವರು. ತರಕಾರಿಯ ಕೆಲಸ ಕಾಲು ಗಂಟೆ ನಿಂತರೆ ಊಟ ಕಾಲು ಗಂಟೆ ತಡವಾದೀತು, ಅಷ್ಟೆ. ಹಾಲಿನ ಕೆಲಸ ಅರ್ಧ ನಿಮಿಷ ನಿಂತರೆ ಹಾಲು ಒಲೆಯ ಪಾಲು.

ಗಣಕಯಂತ್ರದೊಳಗೂ ಇಂತಹ ಅಡಿಗೆಮನೆಯೊಂದು ಹಗಲಿರುಳೂ ನಡೆಯುತ್ತಿದೆ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿಯೂ, ತಂದೆಯವರ ಕಿಸೆಯಲ್ಲಿರುವ ಫೋನಿನಲ್ಲಿಯೂ ಲೆಕ್ಕ ಮಾಡುವ ಅಂಗಕ್ಕೆ ಪ್ರೊಸೆಸರ್ ಎಂದು ಹೆಸರು. ಅದರಲ್ಲಿ ಕೋರ್ ಎಂಬ ಘಟಕಗಳು ನಾಲ್ಕೋ ಎಂಟೋ ಇರುವುದುಂಟು. ಆದರೆ ಕೆಲಸಕ್ಕಾಗಿ ಕಾದು ನಿಂತಿರುವ ತುಂಡು ಕಾರ್ಯಗಳ ಸಂಖ್ಯೆ ನೂರಾರು. ಇಂತಹ ಒಂದೊಂದು ತುಂಡನ್ನು ಥ್ರೆಡ್ ಎಂದು ಕರೆಯುತ್ತಾರೆ. ನಾವು ಎಳೆ ಎನ್ನೋಣ. ಹಾಡನ್ನು ನುಡಿಸುವುದು ಒಂದು ಎಳೆ, ಬೆರಳಿನ ಸ್ಪರ್ಶವನ್ನು ಗಮನಿಸುವುದು ಒಂದು ಎಳೆ, ಕಡತವನ್ನು ಉಳಿಸುವುದು ಇನ್ನೊಂದು. ಈ ಎಳೆಗಳಲ್ಲಿ ಯಾವುದಕ್ಕೆ, ಯಾವಾಗ, ಎಷ್ಟು ಹೊತ್ತು ಪ್ರೊಸೆಸರನ್ನು ಕೊಡಬೇಕೆಂದು ತೀರ್ಮಾನಿಸುವ ಅಧಿಕಾರಿಯು ಯಂತ್ರದ ಮೂಲ ವ್ಯವಸ್ಥೆಯ, ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ, ನಡುವಿನ ತಿರುಳಿನಲ್ಲಿ ಕುಳಿತಿರುವನು. ಆ ತಿರುಳೇ ಕರ್ನೆಲ್. ಆ ಅಧಿಕಾರಿಯೇ ಷೆಡ್ಯೂಲರ್. ಒಂದು ಎಳೆಯನ್ನು ನಡುವೆ ನಿಲ್ಲಿಸುವಾಗ ಅದು ಎಲ್ಲಿಯವರೆಗೆ ಬಂದಿತ್ತು, ಅದರ ಕೈಯಲ್ಲಿ ಯಾವ ಅಂಕಿಗಳಿದ್ದವು ಎಂಬುದನ್ನೆಲ್ಲ ಕರ್ನೆಲ್ ಬರೆದಿಟ್ಟುಕೊಳ್ಳುವುದು. ಮರಳಿ ಸರದಿ ಬಂದಾಗ ಆ ಎಳೆಗೆ ತಾನು ನಿಂತಿದ್ದೆನೆಂಬುದೇ ತಿಳಿಯದು.

ಸಾಮಾನ್ಯವಾದ ಎಳೆಗಳ ವಿಷಯದಲ್ಲಿ ಷೆಡ್ಯೂಲರು ಸಮಪಾಲಿನ ಧರ್ಮವನ್ನು ಅನುಸರಿಸುವನು. ಎಲ್ಲರಿಗೂ ಸ್ವಲ್ಪ ಸ್ವಲ್ಪ ಹೊತ್ತು. ಯಾರೂ ತೀರ ಹಸಿದಿರಬಾರದು. ಆದರೆ ಕೆಲವು ಕೆಲಸಗಳು ಹಾಲಿನಂತಹವು. ಹಾಡನ್ನೇ ನೋಡಿರಿ. ಫೋನಿನಲ್ಲಿ ಧ್ವನಿಯನ್ನು ಸೆಕೆಂಡಿಗೆ 48,000 ಅಂಕಿಗಳ ರೂಪದಲ್ಲಿ ಹೊರಗೆ ಕಳುಹಿಸುವುದು ವಾಡಿಕೆ. ಒಮ್ಮೆಗೆ 480 ಅಂಕಿಗಳನ್ನು ಸಿದ್ಧಮಾಡಿ ಇಡುವ ಎಳೆಯೊಂದಿದ್ದರೆ, ಅದು ಪ್ರತಿ ಹತ್ತು ಮಿಲಿಸೆಕೆಂಡಿಗೊಮ್ಮೆ ತಪ್ಪದೆ ಎದ್ದು ತನ್ನ ಬುಟ್ಟಿಯನ್ನು ತುಂಬಿಸಬೇಕು. ಹನ್ನೆರಡನೆಯ ಮಿಲಿಸೆಕೆಂಡಿಗೆ ತುಂಬಿಸಿದರೆ ಅಂಕಿಗಳೆಲ್ಲ ಸರಿಯಾಗಿದ್ದರೂ ಪ್ರಯೋಜನವಿಲ್ಲ. ನಡುವೆ ‘ಟಕ್’ ಎಂಬ ಅಪಸ್ವರ ಕೇಳಿಸಿಯೇ ಬಿಟ್ಟಿರುತ್ತದೆ. ಹೀಗೆ ಉತ್ತರವು ಸರಿಯಾಗಿರುವುದಲ್ಲದೆ ಹೊತ್ತಿಗೆ ಸರಿಯಾಗಿಯೂ ಬರಬೇಕಾದ ಕಾರ್ಯಗಳನ್ನು ರಿಯಲ್ ಟೈಮ್ ಕಾರ್ಯಗಳೆನ್ನುವರು. ರಿಯಲ್ ಟೈಮ್ ಎಂದರೆ ಬಹು ವೇಗವೆಂದು ಅನೇಕರು ಬಗೆದಿರುವರು. ಅದು ಸರಿಯಲ್ಲ. ಗಡುವು ಒಂದು ಮಿಲಿಸೆಕೆಂಡ್ ಇರಬಹುದು, ಒಂದು ಗಂಟೆಯೂ ಇರಬಹುದು. ಅದನ್ನು ಮೀರಬಾರದು ಎಂಬುದೊಂದೇ ಇಲ್ಲಿಯ ನಿಯಮ.

ಇಂತಹ ಎಳೆಗಳಿಗೆ ಕರ್ನೆಲ್ಲಿನಲ್ಲಿ ಆದ್ಯತೆಯ ಅಂಕಿಗಳನ್ನು ಕೊಡುವ ಪದ್ಧತಿ ಇದೆ. ಲಿನಕ್ಸ್ ಎಂಬ ಕರ್ನೆಲ್ಲಿನಲ್ಲಿ (ಆಂಡ್ರಾಯ್ಡ್ ಫೋನುಗಳಲ್ಲಿರುವುದೂ ಇದೇ) ಈ ಅಂಕಿಗಳು 1ರಿಂದ 99ರವರೆಗೆ. 99 ಎಲ್ಲಕ್ಕಿಂತ ಮೇಲು. ವಿಎಕ್ಸ್‌ವರ್ಕ್ಸ್ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ 0ಯಿಂದ 255ರವರೆಗೆ. ಅಲ್ಲಿ 0 ಎಲ್ಲಕ್ಕಿಂತ ಮೇಲು. ಪರೀಕ್ಷೆಯ ಅಂಕಗಳಲ್ಲಿ ನೂರು ಮೇಲು, ತರಗತಿಯ ಸ್ಥಾನದಲ್ಲಿ ಒಂದು ಮೇಲು ಎನ್ನುವಂತೆ ಒಂದೊಂದು ಕಡೆ ಒಂದೊಂದು ಎಣಿಕೆ. ನುರಿತವರೂ ಇದರಲ್ಲಿ ಎಡವುವುದುಂಟು. ನಿಯಮವಾದರೋ ಎರಡೂ ಕಡೆ ಸರಳವಾದುದೇ, ಮತ್ತು ಕಠೋರವಾದುದು. ಮೇಲಿನ ಆದ್ಯತೆಯ ಎಳೆಯು ಸಿದ್ಧವಾಗಿ ಬಂದ ಕ್ಷಣವೇ ಕೆಳಗಿನದನ್ನು ಎಬ್ಬಿಸಿ ಆ ಸ್ಥಾನದಲ್ಲಿ ಅದನ್ನು ಕೂರಿಸಬೇಕು. ಇಲ್ಲಿ ಸಮಪಾಲಿನ ಮಾತೇ ಇಲ್ಲ. ಸಮಾನ ಆದ್ಯತೆಯವರು ಇಬ್ಬರಿದ್ದರೆ ಮಾತ್ರ ಎರಡು ಬಗೆಯ ವ್ಯವಸ್ಥೆಗಳಿವೆ. ಮೊದಲು ಬಂದವನು ತನ್ನ ಕೆಲಸ ಮುಗಿಸಿ ಏಳುವವರೆಗೆ ಎರಡನೆಯವನು ಕಾಯುವುದು ಒಂದು. ಸ್ವಲ್ಪ ಹೊತ್ತಿನ ಬಳಿಕ ಸ್ಥಾನವನ್ನು ಬಿಟ್ಟುಕೊಟ್ಟು ಸಾಲಿನ ಹಿಂದೆ ನಿಲ್ಲುವುದು ಇನ್ನೊಂದು. ಬೇರೆ ಏರ್ಪಾಟು ಮಾಡದಿದ್ದರೆ ಲಿನಕ್ಸಿನಲ್ಲಿ ಈ ‘ಸ್ವಲ್ಪ ಹೊತ್ತು’ ಎಂಬುದು 100 ಮಿಲಿಸೆಕೆಂಡ್.

ಮೇಲಿನ ಅಂಕಿಯನ್ನು ಯಾರಿಗೆ ಕೊಡಬೇಕು? ಮುಖ್ಯವಾದ ಕೆಲಸಕ್ಕೆ ಎಂದು ಯಾರಾದರೂ ಹೇಳಿಯಾರು. ಹಾಲಿನ ದೃಷ್ಟಾಂತವು ಇದಕ್ಕೆ ಒಪ್ಪುವುದಿಲ್ಲ. 1973ರಲ್ಲಿ ಸಿ. ಎಲ್. ಲಿಯು ಮತ್ತು ಜೇಮ್ಸ್ ಲೇಲ್ಯಾಂಡ್ ಎಂಬ ಇಬ್ಬರು ವಿದ್ವಾಂಸರು ಈ ಪ್ರಶ್ನೆಯನ್ನು ಗಣಿತದಿಂದಲೇ ಬಿಡಿಸಿದರು. ಕಾಲಕಾಲಕ್ಕೆ ಮರುಕಳಿಸುವ ಕೆಲಸಗಳಿಗೆ ಬದಲಾಗದ ಆದ್ಯತೆಯನ್ನು ಕೊಡುವುದಾದರೆ, ಯಾವುದು ಅತಿ ಬೇಗನೆ ಮರುಕಳಿಸುವುದೋ ಅದಕ್ಕೆ ಅತಿ ಮೇಲಿನ ಸ್ಥಾನವನ್ನು ಕೊಡುವುದೇ ಉತ್ತಮವಾದ ಹಂಚಿಕೆ ಎಂದು ಅವರು ಸಾಧಿಸಿ ತೋರಿಸಿದರು. ಕೆಲಸದ ಘನತೆ ಅವರ ಲೆಕ್ಕದೊಳಗೆ ಬರಲೇ ಇಲ್ಲ. ಇನ್ನೂ ಒಂದು ಸಂಗತಿಯನ್ನು ಅವರು ಕಂಡರು. ಎರಡು ಕೆಲಸಗಳಿದ್ದು, ಅವೆರಡೂ ಸೇರಿ ಪ್ರೊಸೆಸರಿನ ಕಾಲದಲ್ಲಿ ನೂರಕ್ಕೆ 82 ಪಾಲನ್ನು ಮೀರದಿದ್ದರೆ ಯಾವ ಗಡುವೂ ತಪ್ಪದು. ಕೆಲಸಗಳು ಎಷ್ಟೇ ಹೆಚ್ಚಾದರೂ ಒಟ್ಟು ನೂರಕ್ಕೆ 69 ಪಾಲಿನೊಳಗೆ ನಿಂತರೆ ಆಗಲೂ ತಪ್ಪದೆಂಬ ಭರವಸೆ ಉಂಟು. ಅದಕ್ಕಿಂತ ಹೆಚ್ಚು ತುಂಬಿದರೆ ತಪ್ಪಿಯೇ ತೀರುವುದೆಂದಲ್ಲ. ಆ ಭರವಸೆಯನ್ನು ಬೇರೆ ಲೆಕ್ಕದಿಂದ ಪಡೆಯಬೇಕಾಗುವುದು. ಇವರಲ್ಲಿ ಲೇಲ್ಯಾಂಡರು ಅಮೇರಿಕದ ಪಸಡೀನಾ ಎಂಬಲ್ಲಿರುವ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಕೆಲಸ ಮಾಡುತ್ತಿದ್ದರೆಂಬುದನ್ನು ನೆನಪಿನಲ್ಲಿಡಿರಿ. ಆ ಸಂಸ್ಥೆಗೆ ನಾವು ಮರಳಿ ಬರಲಿರುವೆವು.

ಕಠೋರವಾದ ನಿಯಮದಿಂದ ಅಪಾಯವೂ ಇದೆ. ಮೇಲಿನ ಆದ್ಯತೆಯ ಎಳೆಯೊಂದು ಏನೋ ತಪ್ಪಿನಿಂದ ಕೊನೆಯಿಲ್ಲದೆ ಸುತ್ತತೊಡಗಿದರೆ ಉಳಿದವರಿಗೆ ಗತಿಯೇನು? ಯಂತ್ರವು ಕಲ್ಲಿನಂತೆ ಕುಳಿತುಬಿಡುವುದು. ಆ ಎಳೆಯನ್ನು ನಿಲ್ಲಿಸೆಂಬ ನಮ್ಮ ಅಪ್ಪಣೆಯನ್ನು ಕೇಳುವ ಎಳೆಗೂ ಸರದಿ ದೊರೆಯದು. ಆದುದರಿಂದ ಲಿನಕ್ಸ್ ಸಾಮಾನ್ಯ ಸ್ಥಿತಿಯಲ್ಲಿ ಪ್ರತಿ ಸೆಕೆಂಡಿನಲ್ಲಿಯೂ ನೂರಕ್ಕೆ ಐದು ಪಾಲನ್ನು ಬಡಪಾಯಿಗಳಾದ ಸಾಮಾನ್ಯ ಎಳೆಗಳಿಗೆಂದು ಕಾದಿರಿಸುವುದು.

ಆದ್ಯತೆಯ ಪದ್ಧತಿಯು ಮನುಷ್ಯರ ಪ್ರಾಣವನ್ನು ಹೊತ್ತು ನಿಂತ ದಿನವೊಂದುಂಟು. 1969ರ ಜುಲೈ 20ರಂದು ಇಬ್ಬರು ಅಮೇರಿಕನರು ಚಂದ್ರನ ನೆಲಕ್ಕೆ ಇಳಿಯುತ್ತಿದ್ದಾಗ ನೌಕೆಯ ಗಣಕವು 1202 ಎಂಬ ಎಚ್ಚರಿಕೆಯನ್ನು ಪದೇ ಪದೇ ತೋರಿತು. ಆ ಹೊತ್ತಿಗೆ ಬೇಕಿಲ್ಲದ ರಾಡಾರ್ ಒಂದರ ಸಂಕೇತಗಳು ಗಣಕದ ಕಾಲವನ್ನು ಕದಿಯುತ್ತಿದ್ದುದರಿಂದ ಅದರ ಕೈಗೆ ಮೀರಿದ ಕೆಲಸ ಬಿದ್ದಿತ್ತು. ಆದರೆ ಅದರ ಕಾರ್ಯಕ್ರಮವನ್ನು ರಚಿಸಿದವರು ಕೆಲಸಗಳಿಗೆ ಆದ್ಯತೆಗಳನ್ನು ಕಟ್ಟಿದ್ದರು. ಹೊರೆ ಹೆಚ್ಚಾದಾಗ ಗಣಕವು ತನ್ನನ್ನು ತಾನೇ ಕ್ಷಣದಲ್ಲಿ ಪುನಃ ಆರಂಭಿಸಿಕೊಂಡು, ಇಳಿಯಲು ಅವಶ್ಯವಾದ ಕೆಲಸಗಳನ್ನು ಮಾತ್ರ ಎತ್ತಿಕೊಳ್ಳುವಂತೆ ಏರ್ಪಡಿಸಿದ್ದರು. ಅಂಕಿಗಳನ್ನು ತೋರಿಸುವ ಕೆಲಸ ಹಿಂದೆ ಬಿದ್ದಿತು, ಎಂಜಿನನ್ನು ನಡೆಸುವ ಕೆಲಸ ನಿಲ್ಲಲಿಲ್ಲ. ನೌಕೆ ಇಳಿಯಿತು.

ಇಷ್ಟನ್ನು ಓದಿ, ಅಂಕಿಗಳನ್ನು ಸರಿಯಾಗಿ ಹಂಚಿದರೆ ಚಿಂತೆಯಿಲ್ಲವೆಂದು ನಿಮಗೆ ತೋರಬಹುದು. ಹಾಗೆ ತೋರಿದವರಲ್ಲಿ ಬಹು ದೊಡ್ಡ ಬುದ್ಧಿವಂತರೂ ಇದ್ದರು. ಅಂಕಿಗಳೆಲ್ಲ ಸರಿಯಾಗಿದ್ದೂ ಮೇಲಿನವನು ಕೆಳಗಿನವನಿಗಾಗಿ, ಅದಕ್ಕಿಂತಲೂ ವಿಚಿತ್ರವಾಗಿ ನಡುವಿನವನಿಗಾಗಿ, ಕಾದು ಕುಳಿತ ಸಂಗತಿಯನ್ನು ಈಗ ಹೇಳುವೆನು.

ಮೊದಲು ಶಾಲೆಯ ಒಂದು ಕಲ್ಪನೆ. ಹಾಜರಿ ಪುಸ್ತಕ ಒಂದೇ ಇದೆ. ಅದು ಒಬ್ಬರ ಕೈಯಲ್ಲಿರುವಾಗ ಇನ್ನೊಬ್ಬರು ಮುಟ್ಟುವಂತಿಲ್ಲ. ಇಬ್ಬರು ಏಕಕಾಲದಲ್ಲಿ ಬರೆದರೆ ಪುಟ ಕೆಡುವುದಷ್ಟೆ? ಆದುದರಿಂದ ಈ ನಿಯಮ ನ್ಯಾಯವಾದುದೇ. ಒಂದನೆಯ ತರಗತಿಯ ಪುಟ್ಟ ಹುಡುಗನೊಬ್ಬನು ಪುಸ್ತಕವನ್ನು ಎತ್ತಿಕೊಂಡು, ತನ್ನ ಗುರುಗಳಿಂದ ಒಂದು ಗುರುತು ಹಾಕಿಸಿ ತರಲು ಹೊರಟಿರುವನು. ಅಷ್ಟರಲ್ಲಿ ಮುಖ್ಯೋಪಾಧ್ಯಾಯರಿಗೆ ಆ ಪುಸ್ತಕ ಬೇಕಾಯಿತು. ಅವರು ಕಾಯಲೇಬೇಕು, ಕಾಯಲಿ, ಎರಡು ನಿಮಿಷದ ಮಾತು. ಆದರೆ ಹುಡುಗನು ಓಣಿಯಲ್ಲಿ ಬರುತ್ತಿರುವಾಗ ಏಳನೆಯ ತರಗತಿಯವರು ಬೆಂಚುಗಳನ್ನು ಹೊತ್ತು ಎದುರಾಗುವರು. ‘ಚಿಕ್ಕವನೇ, ಪಕ್ಕಕ್ಕೆ ನಿಲ್ಲು’ ಎನ್ನುವರು. ದೊಡ್ಡವರಿಗೆ ದಾರಿ ಬಿಡಬೇಕೆಂಬುದು ಶಾಲೆಯ ನಿಯಮ. ಹುಡುಗನು ಪುಸ್ತಕವನ್ನು ಎದೆಗೊತ್ತಿಕೊಂಡು ಗೋಡೆಗೆ ಅಂಟಿ ನಿಲ್ಲುವನು. ಒಂದು ಬೆಂಚು ಹೋಯಿತು, ಇನ್ನೊಂದು ಬಂದಿತು, ಮತ್ತೊಂದು ಬಂದಿತು. ಬೆಂಚು ಹೊತ್ತವರಿಗೆ ಪುಸ್ತಕದ ಗೊಡವೆಯಿಲ್ಲ. ಮುಖ್ಯೋಪಾಧ್ಯಾಯರು ಕಾಯುತ್ತಿರುವರೆಂಬುದೂ ತಿಳಿಯದು. ಯಾರೂ ನಿಯಮವನ್ನು ಮೀರಿಲ್ಲ. ಆದರೂ ಶಾಲೆಯಲ್ಲಿ ಎಲ್ಲರಿಗಿಂತ ಮೇಲಿನವರು, ಏಳನೆಯ ತರಗತಿಯ ಹುಡುಗರಿಗಾಗಿ ಕೈಕಟ್ಟಿ ಕುಳಿತಿರುವರು! ಇದಕ್ಕೆ ಆದ್ಯತೆಯ ವಿಪರ್ಯಾಸ ಎನ್ನಬಹುದು.

ಇದು ನಡೆದುದು ಮಂಗಳಗ್ರಹದ ಮೇಲೆ. 1996ರ ಡಿಸೆಂಬರ್ 4ರಂದು ಭೂಮಿಯಿಂದ ಹೊರಟ ‘ಮಾರ್ಸ್ ಪಾತ್‌ಫೈಂಡರ್’ ಎಂಬ ನೌಕೆಯು 1997ರ ಜುಲೈ 4ರಂದು ಗಾಳಿಚೀಲಗಳ ಮೇಲೆ ಪುಟಿದು ಪುಟಿದು ಆ ಕೆಂಪು ನೆಲವನ್ನು ಸೇರಿತು. ಅದರ ಹೊಟ್ಟೆಯಿಂದ ಸೋಜರ್ನರ್ ಎಂಬ ಆರು ಚಕ್ರದ ಪುಟ್ಟ ಬಂಡಿ ಇಳಿದು ಓಡಾಡಿತು. ನೌಕೆಯನ್ನು ನಡೆಸುತ್ತಿದ್ದುದು ಮೇಲೆ ಹೇಳಿದ ಪಸಡೀನಾದ ಸಂಸ್ಥೆ. ಅದರ ಗಣಕದಲ್ಲಿದ್ದುದು ವಿಎಕ್ಸ್‌ವರ್ಕ್ಸ್. ಗಣಕದ ವೇಗ 20 ಮೆಗಾಹರ್ಟ್ಸ್, ಇಂದಿನ ಸಾಧಾರಣ ಫೋನಿನ ಮುಂದೆ ಬಸವನ ಹುಳು. ಬಾಹ್ಯಾಕಾಶದ ಉಗ್ರ ಕಿರಣಗಳನ್ನು ತಾಳಿಕೊಳ್ಳುವುದು ಅದರ ಗುಣ.

ಇಳಿದ ಕೆಲವೇ ದಿನಗಳಲ್ಲಿ ನೌಕೆಯ ಗಣಕವು ತನ್ನಿಂದ ತಾನೇ ನಿಂತು ಮೊದಲಿನಿಂದ ಆರಂಭವಾಗತೊಡಗಿತು. ಒಂದು ಸಲವಲ್ಲ, ಮತ್ತೆ ಮತ್ತೆ. ಕೂಡಿಟ್ಟ ಮಾಹಿತಿ ಅಳಿಯುತ್ತಿರಲಿಲ್ಲವಾದರೂ ಆ ದಿನದ ಉಳಿದ ಕೆಲಸವೆಲ್ಲ ಮರುದಿನಕ್ಕೆ ಬೀಳುತ್ತಿತ್ತು. ನೌಕೆಯು ಆಗ ಭೂಮಿಯಿಂದ ಸುಮಾರು 19 ಕೋಟಿ ಕಿಲೋಮೀಟರ್ ದೂರದಲ್ಲಿದ್ದಿತು. ಒಂದು ಅಪ್ಪಣೆ ಹೋಗಿ ಮುಟ್ಟಲು ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಬೇಕು. ಹತ್ತಿರ ಹೋಗಿ ಮುಚ್ಚಳ ತೆಗೆದು ನೋಡುವಂತಿಲ್ಲ.

ಒಳಗೆ ನಡೆಯುತ್ತಿದ್ದುದು ಹೀಗೆ. ನೌಕೆಯ ಉಪಕರಣಗಳನ್ನೆಲ್ಲ ಜೋಡಿಸುವ ತಂತಿಯ ಮಾರ್ಗವೊಂದಿದ್ದಿತು. ಅದರ ಮೇಲಿನ ವ್ಯವಹಾರವು ಸೆಕೆಂಡಿಗೆ ಎಂಟು ಸುತ್ತು, ಎಂದರೆ ಸುತ್ತಿಗೆ 125 ಮಿಲಿಸೆಕೆಂಡ್. ಮುಂದಿನ ಸುತ್ತಿನ ವ್ಯವಹಾರವನ್ನು ಗೊತ್ತುಪಡಿಸುವ ಎಳೆಗೆ ಬಹುಮಟ್ಟಿಗೆ ಎಲ್ಲಕ್ಕಿಂತ ಮೇಲಿನ ಆದ್ಯತೆ. ಬಂದ ಮಾಹಿತಿಯನ್ನು ಬೇಕಾದವರಿಗೆ ಹಂಚುವ ಎಳೆಗೆ ಮೂರನೆಯ ಸ್ಥಾನ. ಹವೆಯ ಒತ್ತಡ, ಉಷ್ಣತೆ, ಗಾಳಿಗಳನ್ನು ದಾಖಲಿಸುವ ಎಳೆಗೆ ತೀರ ಕೆಳಗಿನ ಸ್ಥಾನ. ಇವುಗಳ ನಡುವೆ ಇನ್ನೂ ಅನೇಕ ಎಳೆಗಳಿದ್ದವು. ಹಂಚುವವನಿಂದ ಹವೆಯವನಿಗೆ ಮಾಹಿತಿ ಹೋಗುವ ಕೊಳವೆಗೆ ಒಂದು ಬೀಗ. ಅದನ್ನು ಒಮ್ಮೆಗೆ ಒಬ್ಬನೇ ಹಿಡಿಯಬೇಕು. ಇಂತಹ ಬೀಗಕ್ಕೆ ಮ್ಯೂಟೆಕ್ಸ್ ಎಂದು ಹೆಸರು. ಇದೇ ನಮ್ಮ ಹಾಜರಿ ಪುಸ್ತಕ. ಹವೆಯ ಎಳೆಯು ಬೀಗವನ್ನು ಹಿಡಿದಿತು. ಬಿಡುವ ಮೊದಲೇ ನಡುವಿನ ಎಳೆಗಳು ಬಂದು ಅದನ್ನು ಎಬ್ಬಿಸಿದವು. ಹಂಚುವ ಎಳೆಯು ಬೀಗಕ್ಕಾಗಿ ನಿಂತುಬಿಟ್ಟಿತು. ಸುತ್ತು ಮುಗಿಯಿತು. ಗೊತ್ತುಪಡಿಸುವ ಎಳೆಯು ಎದ್ದು ನೋಡಿದರೆ ಹಿಂದಿನ ಸುತ್ತಿನ ಹಂಚಿಕೆಯೇ ಮುಗಿದಿಲ್ಲ! ಹೀಗಾಗುವುದು ಅಸಾಧ್ಯವೆಂದೂ, ಆದರೆ ದೊಡ್ಡ ಕೇಡು ನಡೆದಿದೆಯೆಂದೇ ತಿಳಿಯಬೇಕೆಂದೂ ಅದಕ್ಕೆ ಹೇಳಿಕೊಟ್ಟಿದ್ದರು. ಅದು ಗಣಕವನ್ನೇ ಪುನಃ ಆರಂಭಿಸಿತು. ಕಾವಲುಗಾರನು ತನ್ನ ಕರ್ತವ್ಯವನ್ನು ಮಾಡಿದನೆಂದೇ ಹೇಳಬೇಕು.

ಕೆಲಸಗಾರರು ಪಸಡೀನಾದಲ್ಲಿ ಅದೇ ಮಾದರಿಯ ಗಣಕವನ್ನಿಟ್ಟುಕೊಂಡು, ನೌಕೆಯು ಮಾಡುತ್ತಿದ್ದ ಕೆಲಸಗಳನ್ನೇ ಮತ್ತೆ ಮತ್ತೆ ಮಾಡಿಸಿದರು. ಪರೀಕ್ಷಿಸಿದ ಕಾರ್ಯಕ್ರಮವನ್ನೇ ಹಾರಿಸಬೇಕೆಂಬ ನಂಬಿಕೆಯಿಂದ ಅವರು ದೋಷ ಹುಡುಕುವ ಸಾಧನಗಳನ್ನು ಅದರಿಂದ ತೆಗೆದುಹಾಕಿರಲಿಲ್ಲ. ಆದುದರಿಂದ ದೋಷವು ಪ್ರಯೋಗಶಾಲೆಯಲ್ಲಿ ಮರುಕಳಿಸಿದೊಡನೆ ಯಾವ ಎಳೆ ಯಾವುದಕ್ಕಾಗಿ ನಿಂತಿತ್ತೆಂಬುದು ಕಣ್ಣಿಗೆ ಬಿದ್ದಿತು.

ಔಷಧವು ಮೊದಲೇ ತಿಳಿದಿದ್ದಿತು. ಲುಯಿ ಷಾ, ರಾಜ್‌ಕುಮಾರ್, ಲೆಹೋಸ್ಕಿ ಎಂಬ ಮೂವರು (ಈ ರಾಜ್‌ಕುಮಾರರು ನಮ್ಮ ನಟರಲ್ಲ, ಗಣಕಶಾಸ್ತ್ರಜ್ಞರು) 1990ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅದನ್ನು ವಿವರಿಸಿದ್ದರು. ಮುಖ್ಯೋಪಾಧ್ಯಾಯರು ಪುಸ್ತಕಕ್ಕಾಗಿ ಕಾಯುತ್ತಿರುವಷ್ಟು ಹೊತ್ತು, ಅದನ್ನು ಹಿಡಿದ ಹುಡುಗನಿಗೆ ಅವರದೇ ಪದವಿಯನ್ನು ಕೊಡಬೇಕು. ಆಗ ಬೆಂಚು ಹೊತ್ತವರೇ ಅವನಿಗೆ ದಾರಿ ಬಿಡುವರು. ಪುಸ್ತಕವನ್ನು ಒಪ್ಪಿಸಿದ ಮರುಕ್ಷಣ ಅವನು ಪುನಃ ಒಂದನೆಯ ತರಗತಿಯ ಹುಡುಗನೇ. ಇದಕ್ಕೆ ಆದ್ಯತೆಯ ಉತ್ತರಾಧಿಕಾರವೆನ್ನೋಣ. ವಿಎಕ್ಸ್‌ವರ್ಕ್ಸಿನಲ್ಲಿ ಈ ಸೌಲಭ್ಯವು ಇದ್ದೇ ಇದ್ದಿತು. ಬೀಗವನ್ನು ನಿರ್ಮಿಸುವಾಗ ಬೇಕೆಂದು ಕೇಳಿಕೊಳ್ಳಬೇಕು. ಆದರೆ ಈ ಬೀಗವನ್ನು ಕೆಲಸಗಾರರು ತಮ್ಮ ಕೈಯಿಂದ ನಿರ್ಮಿಸಿರಲಿಲ್ಲ. ಅವರು ಬಳಸಿದ ಸಿದ್ಧ ಸಲಕರಣೆಯೊಂದು ಒಳಗೊಳಗೇ ನಿರ್ಮಿಸಿಕೊಂಡಿತ್ತು, ಆ ಸೌಲಭ್ಯವಿಲ್ಲದೆ. ಅದನ್ನು ತೆರೆದರೆ ಬೇರೆಲ್ಲಿ ಏನು ಕೆಡುವುದೋ ಎಂದು ಅಳೆದು ನೋಡಿ, ಸಣ್ಣ ತಿದ್ದುಪಡಿಯೊಂದನ್ನು ಮಂಗಳಕ್ಕೆ ಕಳುಹಿಸಿದರು. ರೋಗ ವಾಸಿಯಾಯಿತು. ಲಿನಕ್ಸಿನಲ್ಲಿಯೂ ಸಾಮಾನ್ಯ ಕಾರ್ಯಕ್ರಮಗಳ ಬೀಗಗಳಿಗೆ ಈ ಉತ್ತರಾಧಿಕಾರವು 2006ರಲ್ಲಿ ಬಂದಿತು. ಕರ್ನೆಲ್ಲಿನ ಒಳಗಿನ ಬೀಗಗಳಿಗೂ ಬಹುಮಟ್ಟಿಗೆ ಅದನ್ನು ಹಬ್ಬಿಸುವ ಏರ್ಪಾಟು, ಸುಮಾರು ಇಪ್ಪತ್ತು ವರುಷ ಹೊರಗೆ ಬೆಳೆದು, 2024ರಲ್ಲಿ ಮೂಲ ಲಿನಕ್ಸಿಗೆ ಸೇರಿತು.

ಇಷ್ಟು ಜಾಣರು ಇದನ್ನು ಮೊದಲೇ ಏಕೆ ಕಾಣಲಿಲ್ಲ? ಕಂಡಿದ್ದರು. ಅದನ್ನು ಅವರೇ ಮರೆಮಾಚದೆ ಬರೆದಿರುವುದು ನನಗೆ ಬಹಳ ಮೆಚ್ಚಿಕೆಯಾದ ಸಂಗತಿ. ನೌಕೆ ಇಳಿಯುವ ಮೊದಲೇ ಪರೀಕ್ಷೆಯಲ್ಲಿ ಗಣಕವು ಹೀಗೆ ನಿಂತುದುಂಟು. ಮತ್ತೆ ಮಾಡಿಸಲು ಹೋದರೆ ಸಿಕ್ಕಿಬೀಳಲಿಲ್ಲ. ಆಗ ಅವರ ಮುಂದಿದ್ದ ದೊಡ್ಡ ಕೆಲಸವೆಂದರೆ ನೌಕೆಯನ್ನು ಸುರಕ್ಷಿತವಾಗಿ ಇಳಿಸುವ ಕಾರ್ಯಕ್ರಮ. ಆ ಗಡುವು ತಪ್ಪಿದರೆ ಉಳಿದುದೆಲ್ಲ ವ್ಯರ್ಥ. ಇದನ್ನು ಸರದಿಯ ಹಿಂದಕ್ಕೆ ಹಾಕಿದರು. ಇನ್ನೊಂದು ಕಾರಣವೂ ಇದ್ದಿತು. ನೌಕೆಯಿಂದ ಮಾಹಿತಿಯು ಇಂತಿಷ್ಟು ವೇಗದಲ್ಲಿ ಬಂದೀತೆಂದು ಎಣಿಸಿ ಅಷ್ಟಕ್ಕೇ ಪರೀಕ್ಷಿಸಿದ್ದರು. ಮಂಗಳದ ನೆಲದ ಮೇಲೆ ಎಲ್ಲವೂ ಎಣಿಸಿದುದಕ್ಕಿಂತ ಚೆನ್ನಾಗಿ ನಡೆದು ಮಾಹಿತಿಯು ಧಾರಾಳವಾಗಿ ಹರಿಯಿತು. ನಡುವಿನ ಎಳೆಗಳಿಗೆ ಕೆಲಸ ಹೆಚ್ಚಾಯಿತು. ಓಣಿಯಲ್ಲಿ ಬೆಂಚುಗಳ ಸಾಲು ಉದ್ದವಾಯಿತು.

ಒಂದು ತಿಂಗಳು ದುಡಿಯಲೆಂದು ಕಳುಹಿಸಿದ ಆ ನೌಕೆಯು 1997ರ ಸೆಪ್ಟೆಂಬರ್ 27ರವರೆಗೆ ಮಾಹಿತಿಯನ್ನು ಕಳುಹಿಸುತ್ತಿದ್ದಿತು. ನೆಲದ ಮೇಲಿಂದ ಅದು ತೆಗೆದ ಚಿತ್ರಗಳು 16,500ಕ್ಕೂ ಹೆಚ್ಚು. ಎಲ್ಲಕ್ಕಿಂತ ಕೆಳಗೆ ನಿಂತಿದ್ದ ಆ ಹವೆಯ ಎಳೆಯ ಪಾಲಿನಿಂದ ಒತ್ತಡ, ಉಷ್ಣತೆ, ಗಾಳಿಗಳ ಸುಮಾರು 85 ಲಕ್ಷ ಅಳತೆಗಳು ಭೂಮಿಯನ್ನು ತಲುಪಿದವು.